ಖಾಲಿ ಕುರ್ಚಿಗಳ ಸಭೆ

ಪ್ರೀತಿಯ ಭಾವ,

ಭಾನುವಾರ ನೀವು ಮನೆಗೆ ಬರುವುದು ಬೇಡ. ಕಂಪನಿ ಮುಚ್ಚುವ ಕಾಗದಗಳನ್ನು ಅಂಚೆಯಲ್ಲೇ ಕಳುಹಿಸಿ. ಅಕ್ಕನಿಗೆ ನಾನೇ ಏನಾದರೂ ನೆಪ ಹೇಳುತ್ತೇನೆ.

ನಿಮ್ಮ ಕಂಪನಿಯ ವ್ಯಾಪಾರವೆಲ್ಲ ಹೊರದೇಶಗಳಲ್ಲಿ ನಡೆದರೂ ತೀರ್ಮಾನಗಳು ಈ ದೇಶದಲ್ಲೇ ಆಗಬೇಕು, ಅದು ಕಾನೂನು ಎಂದು ನನ್ನನ್ನು ನಿರ್ದೇಶಕಿ ಮಾಡಿದವರು ನೀವು. ಉಳಿದ ಇಬ್ಬರು ನಿರ್ದೇಶಕರು ಕಾಗದದ ಮೇಲಷ್ಟೇ, ಅಂಥವರು ಹುಟ್ಟಿಯೇ ಇಲ್ಲ ಎಂದಿರಿ. "ಕುರ್ಚಿ ಹಾಕಿ ಗಟ್ಟಿಯಾಗಿ ಓದಮ್ಮ, ಗೋಡೆಗೆ ಕೇಳಿಸಿದ್ರೂ ಸಾಕು" ಎಂದು ನಕ್ಕಿದ್ದಿರಿ. ಹಾಗೇ ಪ್ರತಿ ಸಲ ಮುಂದಿನ ಕೋಣೆಯಲ್ಲಿ ಮೂರು ಕುರ್ಚಿ ಹಾಕಿ, ನಿರ್ಣಯ ಓದಿ, ಆಕ್ಷೇಪ ಇದೆಯೇ ಎಂದು ಕೇಳುತ್ತಾ ಬಂದೆ.

ನಿನ್ನೆ ಕಂಪನಿ ಮುಚ್ಚುವ ನಿರ್ಣಯ ಓದಿದಾಗ ಎದುರಿನ ಕುರ್ಚಿಯಿಂದ "ಇದೆ" ಎಂದು ಉತ್ತರ ಬಂತು. ಬಹಳ ಮರ್ಯಾದೆಯ ದನಿ. "ಮುಚ್ಚಿದ್ರೆ ನಾವೆಲ್ಲಿಗೆ ಹೋಗ್ಬೇಕು? ನಮ್ಮನ್ನ ಇಲ್ಲಿ ಕೂರಿಸಿದ್ದು ಯಾರು?"

ನಿಮ್ಮ ಹೆಸರು ಹೇಳಿಬಿಟ್ಟೆ.

ಬೆಳಿಗ್ಗೆ ಗುಡಿಸಲು ಹೋದರೆ ಅಲ್ಲಿ ನಾಲ್ಕು ಕುರ್ಚಿಗಳು. ನಮ್ಮ ಮನೆಯಲ್ಲಿರುವುದು ಮೂರೇ ಅಲ್ಲವೇ? ನಾಲ್ಕನೆಯದರ ಮುಂದೆ ಒಂದು ಲೋಟ ಬಿಸಿನೀರು ಇಟ್ಟಿದ್ದಾರೆ, ಇನ್ನೂ ಹಬೆಯಾಡುತ್ತಿದೆ. ನೀವು ತಣ್ಣೀರು ಮುಟ್ಟುವುದಿಲ್ಲವೆಂದು ನಾನು ಅವರಿಗೆ ಹೇಳಿರಲಿಲ್ಲ ಭಾವ.

ನಿಮ್ಮ ನಾದಿನಿ