ವೇಣೂರು ರೂಟಿನ ಎಪ್ಪತ್ತೈದು

೧೪-೩-೨೦೦೭, ಬುಧವಾರ

ಮೈಯೆಲ್ಲ ಉರಿಯುತ್ತಿದೆ. ಅತಿ ಹತ್ತಿರದ ದಾರಿ ಹುಡುಕಬೇಕಾದ ನನ್ನ ಪೈಥಾನ್ ಪ್ರೋಗ್ರಾಮ್, ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಬಂಟ್ವಾಳ ಸುತ್ತಿಸಿ ಕಳಿಸಿತು. ವೇಣೂರಿನ ನೇರ ರಸ್ತೆ ಅದಕ್ಕೆ ಎಪ್ಪತ್ತೈದು, ಬಂಟ್ವಾಳದ ಸುತ್ತು ಐವತ್ತೇಳು!

"ಬಂಟ್ವಾಳದಲ್ಲಿ ಯಾರ ಮದುವೆ ಉಂಟು?" ಎಂದರು ಸರ್. ಲ್ಯಾಬ್ ಇಡೀ ನಕ್ಕಿತು.

ಸಂಜೆಯಿಡೀ ಕೋಡ್‌ನ ಒಂದೊಂದು ಸಾಲನ್ನೂ ಬೈದೆ. ತಪ್ಪು ಅಲ್ಲಿರಲಿಲ್ಲ. ದೂರಗಳನ್ನು ಹೇಳಿದ್ದು ಬಸ್ ಕಂಡಕ್ಟರ್ ಕೂಸಪ್ಪ ಮಾವ. ಬೇರೆ ರೂಟುಗಳಿಗೆಲ್ಲ ಕಿಲೋಮೀಟರ್ ಹೇಳಿ, ತಮ್ಮ ವೇಣೂರು ರೂಟಿಗೆ ಮಾತ್ರ ನಿಮಿಷ ಹೇಳಿದ್ದಾರೆ!

ಫೋನಿನಲ್ಲಿ ಕೂಗಾಡಿದೆ. "ನಮಗೆ ಟೈಮೇ ಲೆಕ್ಕ ಮಾರಾಯ್ತಿ. ಕಿಲೋಮೀಟರ್ ಯಾರು ನೋಡ್ತಾರೆ?" ಎಂದರು.

ಆದರೆ ಅವರ ಮೇಲೆ ಸಿಟ್ಟು ಉಳಿಯುತ್ತಿಲ್ಲ. ಮೂರು ವರ್ಷದಿಂದ ದಿನಾ ಅದೇ ವೇಣೂರು ಬಸ್ಸಿನಲ್ಲಿ ಕಾಲೇಜಿಗೆ ಹೋಗುವವಳು ನಾನು. ಆದರೂ ಕಂಪ್ಯೂಟರ್ ಹೇಳಿತೆಂದು ಬಂಟ್ವಾಳವನ್ನು ನಂಬಿದೆ.