ಅಪ್ಪನ ಡೈರಿ ಕೋರ್ಟಿಗೆ ಹೋದದ್ದು

ಕೆಲಸದ ಕೋಣೆ,
ಮಾರ್ಚ್ 14, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಬರೀ ಕಾಫಿ ಕುಡಿದು ಗೋಡೆ ನೋಡುತ್ತಾ ಕೂತಿದ್ದೀಯೋ? ಐದು ತಿಂಗಳಿಂದ ನಿನ್ನ ಫೋನಿಲ್ಲ, ನಾನು ಮಾಡಿದರೆ ಎತ್ತುವುದಿಲ್ಲ. ಕಾಗದವನ್ನಾದರೂ ಓದುತ್ತೀಯೆಂದು ನಂಬಿ ಬರೆಯುತ್ತಿದ್ದೇನೆ. ಓದದೆ ಹರಿದರೆ ಈ ಗೊಣಗಿ ತಂಗಿಯ ಶಾಪ ತಟ್ಟುತ್ತದೆ, ನೋಡು! ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಕೈನಡುಕ ಹೆಚ್ಚಾಗಿ, ಕೃತಕ ಕಣ್ಣುಗಳ ಪಾಪೆಯ ಸುತ್ತ ಬಣ್ಣ ಹಾಕುವುದೆಲ್ಲ ಈಗ ನನ್ನ ಪಾಲಿಗೆ ಬಂದಿದೆ. ಆದರೂ ಹಿಂದೆ ನಿಂತು "ಕಂದು ಜಾಸ್ತಿಯಾಯ್ತು" ಅನ್ನುವುದನ್ನು ಅವರು ಬಿಟ್ಟಿಲ್ಲ.

ಈಗ ಸುದ್ದಿ ಕೇಳು. ನಿನ್ನ ಕಂಪನಿ ದಿವಾಳಿಯೆಂದು ನೀನಿರುವ ಆ ಪರದೇಶದ ಕೋರ್ಟು ಹೇಳಿದ ಮೇಲೆ, ಅವರು ನೇಮಿಸಿದ ಆಡಳಿತಾಧಿಕಾರಿ ಇಲ್ಲಿನ ಕೋರ್ಟಿಗೂ ಬಂದು, ಆ ವಿಚಾರಣೆಗೆ ಇಲ್ಲಿಯೂ ಮಾನ್ಯತೆ ಕೊಡಿ ಎಂದು ಅರ್ಜಿ ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಮಾನ ಹೋದದ್ದು ಸಾಲದೆ ಇಲ್ಲೂ ಡಂಗುರ ಹೊಡೆಯಲು ಬಂದನಲ್ಲ ಈ ಮಹಾರಾಯ ಅಂದುಕೊಂಡೆ. ಕೊನೆಗೆ ನಮ್ಮ ವಕೀಲರಮ್ಮ ಕೂರಿಸಿಕೊಂಡು ತಿಳಿಹೇಳಿದರು. ನಮ್ಮ ಈ ಕೋಣೆಯೂ ನಿನ್ನ ಕಂಪನಿಯದೇ ಅಲ್ಲವೇ? ಅಚ್ಚಿಗೆ ಹೊಯ್ಯುವ ರಾಳ ಕೊಡುತ್ತಿದ್ದ ವ್ಯಾಪಾರಿ ತನ್ನ ಬಾಕಿಗಾಗಿ ಈ ಶುಕ್ರವಾರ ಇಲ್ಲಿಗೆ ಬೀಗ ಹಾಕಿಸಲು ಆದೇಶ ತಂದಿದ್ದ. ಮಾನ್ಯತೆ ಸಿಕ್ಕರೆ ಹಾಗೆ ಒಬ್ಬೊಬ್ಬರೇ ಬಂದು ಕೈಹಾಕುವಂತಿಲ್ಲ, ಎಲ್ಲರೂ ಅಲ್ಲಿನ ಒಂದೇ ಸಾಲಿನಲ್ಲಿ ನಿಲ್ಲಬೇಕು. ಡ್ರಾಯರ್‌ಗಳಲ್ಲಿ ಆರುನೂರು ಜನರ ಕಣ್ಣಿನ ಅಚ್ಚುಗಳಿವೆ ಅಣ್ಣಾ. ನಮ್ಮಲ್ಲೇ ಮಾಡಿಸಿಕೊಂಡಿದ್ದ ಒಬ್ಬ ಬಸ್ ಕಂಡಕ್ಟರಮ್ಮನ ಕೃತಕ ಕಣ್ಣು ಸೀಳು ಬಿಟ್ಟಿದೆ. ಹೊಸದು ಸಿಗುವವರೆಗೆ ಕಪ್ಪು ಕನ್ನಡಕ ಹಾಕಿಕೊಂಡು ಟಿಕೆಟ್ ಹರಿಯುತ್ತಿದ್ದಾಳೆ ಪಾಪ. ಬೀಗ ಬಿದ್ದರೆ ಅವಳಿಗೆ ಏನು ಹೇಳಲಿ?

ವ್ಯಾಪಾರಿಯ ವಕೀಲ ಸುಮ್ಮನಿರುತ್ತಾನೆಯೇ? ಕಂಪನಿಯ ಕೇಂದ್ರ, ಅಂದರೆ ಅದನ್ನು ನಿಜವಾಗಿ ನಡೆಸುವ ಜಾಗ, ಅಲ್ಲಿಲ್ಲ, ಇಲ್ಲಿದೆ. ಮಗ ಹೆಸರಿಗೆ ಮಾತ್ರ, ನಡೆಸಿದ್ದೆಲ್ಲ ಅಪ್ಪ. ಹಾಗಾಗಿ ಅಲ್ಲಿನ ವಿಚಾರಣೆ ಇಲ್ಲಿಯವರ ಕೈ ಕಟ್ಟಲಾರದು ಎಂದು ವಾದ ಹೂಡಿದ. ಅವನು ತರಿಸಿದ ಸಾಕ್ಷಿ ಯಾವುದು ಗೊತ್ತೇ? ಅಪ್ಪನ ಡೈರಿಗಳು! ದಿನಾ ಬೆಳಿಗ್ಗೆ ಏಳಕ್ಕೆ ನೀನು ಫೋನ್ ಮಾಡಿದಾಗ ತಾವು ಹೇಳಿದ್ದನ್ನೆಲ್ಲ "ಮಗನಿಗೆ ಅಪ್ಪಣೆ ಮಾಡಿದೆ" ಎಂದು ಗುಂಡುಗುಂಡಾಗಿ ಬರೆದಿಟ್ಟ ಹನ್ನೆರಡು ವರ್ಷದ ಡೈರಿಗಳು. ಬರೆದು ಸುಮ್ಮನಿದ್ದರೆ ಸರಿ, ಬಂದವರಿಗೆಲ್ಲ ಓದಿ ಹೇಳುವುದು ಬೇರೆ. ಆ ವ್ಯಾಪಾರಿಯೂ ಇಲ್ಲೇ ಕೂತು ಎಷ್ಟೋ ಸಲ ತಲೆದೂಗಿದವನೇ.

ಸೋಮವಾರ ನ್ಯಾಯಾಧೀಶೆ ಅಪ್ಪನನ್ನೇ ಕೇಳಿದರು, ಇದೆಲ್ಲ ನಿಜವೇ ಎಂದು. ಅಪ್ಪ ಮುರಿದರೂ ಬಾಗುವವರಲ್ಲ. "ಯಜಮಾನ ನಾನೇ" ಅಂದುಬಿಟ್ಟರೆ ಮುಗಿಯಿತು ಕಥೆ. ಅವರು ಕಟಕಟೆ ಗಟ್ಟಿಯಾಗಿ ಹಿಡಿದುಕೊಂಡು, "ಹೇಳಿದ್ದು ನಿಜ ತಾಯಿ. ಆದ್ರೆ ಅವನು ಕೇಳಬೇಕಲ್ಲ! ಎಡಕ್ಕೆ ಹೋಗು ಅಂದ್ರೆ ಬಲಕ್ಕೆ ಹೋಗ್ತಿದ್ದ. ಅದಕ್ಕೇ ಕಂಪನಿ ಬೆಳೀತು" ಅಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ವಕೀಲರಮ್ಮ ನಿನ್ನ ಕಾಗದಪತ್ರಗಳನ್ನು ಡೈರಿಯ ಪಕ್ಕ ಇಟ್ಟು ತೋರಿಸಿದರೆ, ಅಪ್ಪ ಹೇಳಿದ್ದಕ್ಕೂ ನೀನು ಮಾಡಿದ್ದಕ್ಕೂ ಅಜಗಜಾಂತರ. ಅಷ್ಟಕ್ಕೆ ಇಳಿದು ಬರಬಹುದಿತ್ತು. ಯಾರೂ ಕೇಳದೆ ಅಪ್ಪ ಇನ್ನೂ ಒಂದು ಮಾತು ಹೇಳಿದರು: "ಒಂದೇ ಒಂದು ಸಲ ಕೇಳಿದ. ಎರಡನೇ ಕಾರ್ಖಾನೆ ತಗೋ ಅಂತ ಮೂರು ತಿಂಗಳು ಪ್ರಾಣ ತಿಂದವನು ನಾನು. ಬೇಡ ಬೇಡ ಅಂದ, ಕೊನೆಗೆ ನನಗೋಸ್ಕರ ತಗೊಂಡ. ಮುಳುಗಿದ್ದು ಅದರಿಂದಲೇ." ವಕೀಲರಮ್ಮ ಹಣೆ ಚಚ್ಚಿಕೊಂಡರು. ಈ ಸಲ ಯಾರೂ ನಗಲಿಲ್ಲ. ಅಣ್ಣಾ, ಇದನ್ನು ನೀನು ನನಗೂ ಹೇಳಲಿಲ್ಲವಲ್ಲೋ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಿನ್ನನ್ನೇ ಐದು ತಿಂಗಳು ಆಡಿಕೊಂಡೆ. ತಪ್ಪಾಯಿತು.

ನಿನ್ನೆ ಆದೇಶ ಬಂತು. ಮಗ ಅಪ್ಪನ ಒಂದು ಮಾತು ನಡೆಸಿದ ಮಾತ್ರಕ್ಕೆ ಕಂಪನಿಯ ಕೇಂದ್ರ ಅಪ್ಪನ ಮೇಜಾಗುವುದಿಲ್ಲ ಎಂದು ಹೇಳಿ ಮಾನ್ಯತೆ ಕೊಟ್ಟಿದ್ದಾರೆ. ಬೀಗ ತಪ್ಪಿತು. ಸದ್ಯ ಅಚ್ಚುಗಳು ಇಲ್ಲೇ ಇರಲಿ, ಕೆಲಸ ನಡೆಯಲಿ ಎಂದು ಆಡಳಿತಾಧಿಕಾರಿ ಒಪ್ಪಿದ್ದಾರೆ. ಮುಂದೆ ಕೋಣೆ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮಹಾರಾಯ ಅಂತ ನಾನು ಬೈದಿದ್ದ ಅವರಿಗೇ ಕಾಫಿ ಮಾಡಿಕೊಟ್ಟೆ. ಕಂಡಕ್ಟರಮ್ಮನ ಕಣ್ಣು ನನ್ನ ಮುಂದೆಯೇ ಒಣಗುತ್ತಿದೆ. ಕಂದು ಜಾಸ್ತಿಯೇನೂ ಆಗಿಲ್ಲ.

ಮೈ ಕಡೆ ನೋಡಿಕೋ. ಅಪ್ಪನ ಆಶೀರ್ವಾದಗಳು, ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೇ ಸೇರಿಸಿದ್ದೇನೆ.

ನಿನ್ನ
ಗೊಣಗಿ

ಮರೆತ ಮಾತು (ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ): ಅಪ್ಪನ ಈ ವರ್ಷದ ಡೈರಿ ಕದ್ದು ನೋಡಿದೆ. ಈಗಲೂ ದಿನಾ ಏಳಕ್ಕೆ ಫೋನಿನ ಪಕ್ಕ ಕೂರುತ್ತಾರಲ್ಲ, ಪ್ರತಿ ಪುಟದಲ್ಲೂ ಒಂದೇ ಸಾಲು: "ಫೋನ್ ಬರಲಿಲ್ಲ." ಇವತ್ತು ಮಾತ್ರ ಅದರ ಕೆಳಗೆ ನಡುಗುವ ಅಕ್ಷರದಲ್ಲಿ ಇನ್ನೊಂದಿದೆ: "ಬಂದರೆ, ಮುಂದೇನು ಮಾಡೋಣ ಅಂತ ಅವನನ್ನೇ ಕೇಳಬೇಕು." ಕಾಗದ ಸಿಕ್ಕ ಮರುದಿನ ಏಳಕ್ಕೆ ಫೋನ್ ಮಾಡೋ, ಅಣ್ಣಾ. ನಾನು ಎತ್ತುವುದಿಲ್ಲ.