ನಿಮ್ಮ ಹಸಿರು ಗೆರೆ

ಝೀಲಳ ಪಪ್ಪಾ,

ಥೇಪ್ಲಾ ರೊಟ್ಟಿ ಇವತ್ತಿಗಾಗುವಷ್ಟು ಡಬ್ಬಿಯಲ್ಲಿದೆ. ಹಾಲು ಕಾಯಿಸಿಕೊಳ್ಳಿ. ಮಗಳನ್ನು ಕರೆದುಕೊಂಡು ಭಾವನಗರಕ್ಕೆ, ಅಣ್ಣನ ಮನೆಗೆ ಹೊರಟಿದ್ದೇನೆ. ಕರೆಯಲು ಬರಬೇಡಿ.

ಧನತೇರಸ್ ದಿನ ಊರೆಲ್ಲ ಚಿನ್ನ ಕೊಳ್ಳುತ್ತಿದ್ದರೆ ನೀವು ನಮ್ಮಮ್ಮ ಕೊಟ್ಟ ಬಳೆ ಗಿರವಿ ಇಟ್ಟು ಬಂದಿರಿ. ದೀಪಾವಳಿ ಸಂಜೆ, ಶುಭಕ್ಕೆಂದು ಷೇರುಪೇಟೆ ಒಂದೇ ಗಂಟೆ ತೆರೆಯುವ ಮುಹೂರ್ತದ ವಹಿವಾಟಿನಲ್ಲಿ, ಯಾವ ಷೇರು ಎಷ್ಟು ಕೈ ಬದಲಾಯಿಸುತ್ತಿದೆ ಎಂದು ಲೆಕ್ಕ ಹಾಕುವ ನಿಮ್ಮ ಆ ಸಾಫ್ಟ್‌ವೇರ್‌ನಲ್ಲಿ ಹಸಿರು ಗೆರೆ ಎದ್ದಿತು. ಯಾರೂ ಮೂಸದ ಬೇರಿಂಗ್ ಕಂಪನಿಗೆ!

"ಇವತ್ತಿನ ದಿನ ಯಾರೇ ಮಾರ್ತಾರೆ? ಎಲ್ಲ ಶುಭಕ್ಕೆ ಅಂತ ಕೊಳ್ಳೋರೇ. ಯಾವನೋ ದೊಡ್ಡ ಕುಳ ನುಗ್ತಿದಾನೆ!" ಎಂದು ಕುಣಿದಿರಿ. ಒಂದು ಮಾತು ಹೇಳಲು ಬಂದೆ. "ನಿಂಗೇನೇ ಗೊತ್ತು? ಹೋಗಿ ಹಿಟ್ಟು ನಾದು," ಅಂದಿರಿ.

ಹೇಳಲು ಬಂದದ್ದು ಇಷ್ಟೇ. ಅಪ್ಪ ನನ್ನ ಹೆಸರಿಗೆ ಬಿಟ್ಟುಹೋದ ಅದೇ ಕಂಪನಿಯ ಷೇರನ್ನು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಮಾರುತ್ತಿದ್ದವಳು ನಾನು. ನಿಮ್ಮ ಗೆರೆ ಎದ್ದದ್ದು ಅದಕ್ಕೇ. ನೀವು ಗದರಿದ ಮೇಲೆ ಮಿಕ್ಕಿದ್ದನ್ನೂ ಮಾರಿಬಿಟ್ಟೆ. ಬಳೆಯ ದುಡ್ಡು ಸುರಿದು ಕೊಂಡವರು ನೀವು. ಈಗ ಅದನ್ನು ಕೇಳುವವರೇ ಇಲ್ಲ.

ಷೇರು ಮಾರಿ ಬಂದ ಆ ದುಡ್ಡಿನಲ್ಲೇ ಬಳೆ ಬಿಡಿಸಿಕೊಂಡೆ, ತೊಟ್ಟಿದ್ದೇನೆ. ನಾಳೆಯಿಂದ ಹಿಟ್ಟು ನೀವೇ ನಾದಿಕೊಳ್ಳಿ.

ನಿಮ್ಮ ದೊಡ್ಡ ಕುಳ